ಟೆಲಸ್ ಕಪ್: ಕೆನಡಾದ ಕಿರಿಯರ ಐಸ್ ಹಾಕಿ ಟೂರ್ನಿ ನಡೆಯುವುದು ಹೀಗೆ

ಕೆನಡಾದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಮಕ್ಕಳಿಗೆ ಐಸ್ ಹಾಕಿಯ ಗುಂಗು ಶಾಲೆಯಿಂದಲೇ ಹತ್ತಿಬಿಡುತ್ತದೆ. ಆಮೇಲೆ ‘ಟೆಲಸ್ ಕಪ್’ ಎಂಬ ಹೆಸರೂ ಕಿವಿಗೆ ಬೀಳುತ್ತದೆ. ಇದಕ್ಕೆ ಅರ್ಜಿ ಎಲ್ಲಿ ಸಿಗುತ್ತದೆ ಎಂದು ಹುಡುಕಬೇಡಿ. ಹೆಸರು ಕೊಟ್ಟು ಸೇರುವ ಟೂರ್ನಿ ಇದಲ್ಲ. ತಂಡ ಗೆಲ್ಲುತ್ತಾ ಗೆಲ್ಲುತ್ತಾ ಇಲ್ಲಿಗೆ ಬರಬೇಕು.

ಏನಿದು?

ಕೆನಡಾದ 18 ವರ್ಷದೊಳಗಿನ ಹುಡುಗರ ರಾಷ್ಟ್ರೀಯ ಕ್ಲಬ್ ಚಾಂಪಿಯನ್‌ಷಿಪ್. ನಡೆಸುವುದು ಹಾಕಿ ಕೆನಡಾ ಸಂಸ್ಥೆ. 1979ರಿಂದ ಏರ್ ಕೆನಡಾ ಕಪ್ ಎಂಬ ಹೆಸರಿತ್ತು. 2004ರಿಂದ ಟೆಲಸ್ ಕಪ್ ಆಯಿತು. ಆಡುವುದು ‘ಎಎಎ’ ತಂಡಗಳು, ಅಂದರೆ ಆ ವಯಸ್ಸಿನ ಅತಿ ಮೇಲಿನ ದರ್ಜೆಯವು. ಮುಂದೆ ಐಸ್ ಹಾಕಿಯ ದೊಡ್ಡ ತಾರೆಯಾದ ಸಿಡ್ನಿ ಕ್ರಾಸ್ಬಿ 2002ರಲ್ಲಿ, 14ನೇ ವಯಸ್ಸಿನಲ್ಲಿ, ಇದೇ ಟೂರ್ನಿಯಲ್ಲಿ ಶ್ರೇಷ್ಠ ಆಟಗಾರನೆನಿಸಿದ. ಅವನ ತಂಡ ಮಾತ್ರ ಫೈನಲ್‌ನಲ್ಲಿ ಸೋತಿತ್ತು.

ಹುಡುಗಿಯರಿಗೆ? 2009ರಿಂದ ಎಸ್ಸೊ ಕಪ್ ಇದೆ.

ತಂಡಗಳು ಬರುವುದು ಹೇಗೆ?

ನಮ್ಮ ಶಾಲಾ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಏರುವ ಹಾಗೆಯೇ ಇದೂ. ತಂಡ ಮೊದಲು ತನ್ನ ಲೀಗ್ ಗೆಲ್ಲಬೇಕು, ಆಮೇಲೆ ಪ್ರಾಂತ್ಯ, ಆಮೇಲೆ ವಲಯ. ವಲಯಗಳು ಐದು: ಅಟ್ಲಾಂಟಿಕ್, ಕ್ವಿಬೆಕ್, ಸೆಂಟ್ರಲ್, ವೆಸ್ಟ್, ಪೆಸಿಫಿಕ್. ಪೆಸಿಫಿಕ್ ವಲಯದಲ್ಲಿ ಬ್ರಿಟಿಷ್ ಕೊಲಂಬಿಯಾ ಮತ್ತು ಆಲ್ಬರ್ಟಾ ಪ್ರಾಂತ್ಯಗಳ ವಿಜೇತರು ಪರಸ್ಪರ ಸರಣಿ ಆಡುತ್ತಾರೆ. ಐದು ವಲಯಗಳ ಐದು ತಂಡಗಳ ಜೊತೆಗೆ ಆತಿಥ್ಯ ವಹಿಸಿದ ಊರಿನ ತಂಡ ಆರನೆಯದು. ಅದಕ್ಕೆ ನೇರ ಪ್ರವೇಶ.

ಏಪ್ರಿಲ್ ಹೊತ್ತಿಗೆ, ಸುಮಾರು ಒಂದು ವಾರದ ಟೂರ್ನಿ. ಪ್ರತಿ ತಂಡವೂ ಉಳಿದ ಐದು ತಂಡಗಳನ್ನು ಒಮ್ಮೊಮ್ಮೆ ಎದುರಿಸುತ್ತದೆ. ಅಲ್ಲಿಗೆ 15 ಪಂದ್ಯ. ಮೇಲಿನ ನಾಲ್ಕು ತಂಡಗಳು ಸೆಮಿಫೈನಲ್‌ಗೆ. ಅಲ್ಲಿ ಸೋತವರಿಗೆ ಕಂಚಿನ ಪಂದ್ಯ, ಗೆದ್ದವರಿಗೆ ಫೈನಲ್.

ನೋಡುವಾಗ ಏನು ಗಮನಿಸಬೇಕು?

ತಲಾ 20 ನಿಮಿಷದ ಮೂರು ಅವಧಿ. ಮಂಜುಗಡ್ಡೆಯ ಮೇಲೆ ತಂಡಕ್ಕೆ ‘ಗೋಲಿ’, ಅಂದರೆ ಗೋಲ್‌ಕೀಪರ್, ಸೇರಿ ಆರು ಮಂದಿ. ಆದರೆ ಅದೇ ಆರು ಜನ ಪೂರ್ತಿ ಆಡುವುದಿಲ್ಲ. ಮುಕ್ಕಾಲು ನಿಮಿಷ ಶಕ್ತಿಯೆಲ್ಲ ಹಾಕಿ ಓಡಿದವರು ಆಟ ನಿಲ್ಲುವುದನ್ನು ಕಾಯದೆ ಕಟ್ಟೆ ಹಾರಿ ಬೆಂಚಿಗೆ ಬರುತ್ತಾರೆ. ಅದೇ ಕ್ಷಣಕ್ಕೆ ಬೇರೆಯವರು ಒಳಗೆ ಜಿಗಿಯುತ್ತಾರೆ. ಇದೇ ‘ಲೈನ್ ಚೇಂಜ್’. ಒಂದು ಹೆಜ್ಜೆ ಬೇಗ ಇಳಿದರೂ ಆಟಗಾರರು ಹೆಚ್ಚಾದರೆಂದು ದಂಡ ಬೀಳಬಹುದು.

ಚೆಂಡಿನ ಬದಲು ಇಲ್ಲಿ ‘ಪಕ್’, ಮೂರು ಅಂಗುಲ ಅಗಲದ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ಪುಟಿಯದಿರಲೆಂದು ಅದನ್ನು ಮೊದಲೇ ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ. ಸಣ್ಣ ತಪ್ಪಿಗೆ ಆಟಗಾರ ಎರಡು ನಿಮಿಷ ಹೊರಗೆ. ಆ ಹೊತ್ತು ಎದುರಾಳಿಗೆ ಒಬ್ಬ ಹೆಚ್ಚು. ಬಹಳಷ್ಟು ಪಂದ್ಯಗಳ ದಿಕ್ಕು ಬದಲಾಗುವುದು ಆಗಲೇ.

ಖರ್ಚೆಷ್ಟು?

ಎಎಎ ದರ್ಜೆ ದುಬಾರಿ. ನೋಂದಣಿ, ಐಸ್ ಬಾಡಿಗೆ, ಪ್ರಯಾಣ ಎಲ್ಲ ಸೇರಿ ವರ್ಷಕ್ಕೆ ಸಾವಿರಾರು ಡಾಲರ್. ಗೋಲಿಯ ಸಾಮಾನು ಇನ್ನೂ ತುಟ್ಟಿ. ಹಾಗೆಂದು ಹೆದರಬೇಡಿ, ಶುರುವಿಗೆ ಇಷ್ಟು ಬೇಕಿಲ್ಲ. ಮಕ್ಕಳ ಕಾಲು ಬೇಗ ಬೆಳೆಯುವುದರಿಂದ ಬಳಸಿದ ಸ್ಕೇಟ್ಸ್, ಪ್ಯಾಡ್‌ಗಳು ಎಲ್ಲೆಡೆ ಮಾರಾಟಕ್ಕಿರುತ್ತವೆ. ಹೆಲ್ಮೆಟ್ ಕೊಳ್ಳುವಾಗ ಮಾತ್ರ ಸುರಕ್ಷತಾ ಮುದ್ರೆ ನೋಡಿ. ಕತ್ತಿನ ರಕ್ಷಾಪಟ್ಟಿ ಇಲ್ಲದೆ ಮಕ್ಕಳನ್ನು ಆಡಲು ಬಿಡುವುದಿಲ್ಲ. ಹಣ ಸಾಲದಿದ್ದರೆ ಕಿಡ್‌ಸ್ಪೋರ್ಟ್, ಜಂಪ್‌ಸ್ಟಾರ್ಟ್ ಸಂಸ್ಥೆಗಳಲ್ಲಿ ನೆರವಿಗೆ ಅರ್ಜಿ ಹಾಕಬಹುದು.

ಎಲ್ಲಿಂದ ಆರಂಭ?

ನಿಮ್ಮ ಬಡಾವಣೆಯ ಮೈನರ್ ಹಾಕಿ ಅಸೋಸಿಯೇಷನ್‌ನಿಂದ, ಅಂದರೆ ಮಕ್ಕಳ ಹಾಕಿ ನಡೆಸುವ ಸ್ಥಳೀಯ ಸಂಘದಿಂದ. ಸಾಮಾನ್ಯವಾಗಿ ಮನೆ ವಿಳಾಸದ ಮೇಲೆ ನಿಮ್ಮ ಸಂಘ ಯಾವುದೆಂದು ನಿರ್ಧಾರವಾಗುತ್ತದೆ. ಹಾಕಿಯೇ ಗೊತ್ತಿಲ್ಲದ 6ರಿಂದ 10 ವರ್ಷದವರಿಗೆ ‘ಫಸ್ಟ್ ಶಿಫ್ಟ್’ ಎಂಬ ಯೋಜನೆಯಿದೆ. ಅದರ ಶುಲ್ಕದಲ್ಲೇ ಸಾಮಾನೂ ಕಲಿಕೆಯೂ ಸೇರಿವೆ. ದೊಡ್ಡ ಹುಡುಗರಾದರೆ ಮೊದಲು ಸ್ಕೇಟಿಂಗ್ ಕಲಿಸಿ, ಆಮೇಲೆ ಪೈಪೋಟಿ ಹೆಚ್ಚಿಲ್ಲದ ‘ಹೌಸ್ ಲೀಗ್’ಗೆ ಸೇರಿಸಿ. ಎಎಎ ತಂಡಕ್ಕೆ ಆಯ್ಕೆ ಶಿಬಿರದಲ್ಲೇ ಗೆಲ್ಲಬೇಕು, ಶಿಫಾರಸು ಕೆಲಸಕ್ಕೆ ಬಾರದು.

ಆಡುವ ಮಗುವಿಲ್ಲದಿದ್ದರೂ ನೋಡಲು ಅಡ್ಡಿಯಿಲ್ಲ. ಟೂರ್ನಿ ಪ್ರತಿವರ್ಷ ಊರು ಬದಲಿಸುತ್ತದೆ. 2024ರಲ್ಲಿ ನೋವಾ ಸ್ಕೋಷಿಯಾದ ಮೆಂಬರ್‌ಟೂದಲ್ಲಿ, 2025ರಲ್ಲಿ ಬ್ರಿಟಿಷ್ ಕೊಲಂಬಿಯಾದ ಚಿಲಿವ್ಯಾಕ್‌ನಲ್ಲಿ ನಡೆಯಿತು. ವೇಳಾಪಟ್ಟಿ, ಟಿಕೆಟ್ ವಿವರಕ್ಕೆ ಹಾಕಿ ಕೆನಡಾದ ಜಾಲತಾಣ ನೋಡಿ. ರಿಂಕ್ ಒಳಗೆ ಚಳಿ ಜೋರು, ಸ್ವೆಟರ್ ಮರೆಯಬೇಡಿ.