ಅಂಟಿಯೂ ಅಂಟದ ಕಾಗದ

ನಮ್ಮ ಹಳೆಯ ಚಕ್ಕಡಿಯನ್ನು ಬಿಚ್ಚಿದಾಗ ಅದರ ಒಂದು ಹಲಗೆಯನ್ನು ಮಾತ್ರ ಒಲೆಗೆ ಹೋಗಲು ನಾನು ಬಿಡಲಿಲ್ಲ. ಸಾಗವಾನಿಯ ಹಲಗೆ. ಕಬ್ಬು, ಜೋಳದ ಚೀಲ, ಜಾತ್ರೆಗೆ ಹೊರಟ ಮಕ್ಕಳು, ಎಲ್ಲವನ್ನೂ ಹೊತ್ತು ಜೇನಿನ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಮನೆಯ ಹೆಸರು ಕೆತ್ತಿಸಿ ತಲೆಬಾಗಿಲಿಗೆ ಹಾಕಬೇಕೆಂದು ಆಸೆ. ಉಳಿ ಹಿಡಿದು ಅಕ್ಷರ ಕೆತ್ತುವವರು ಹತ್ತಿರದಲ್ಲಿ ಸಿಗಲಿಲ್ಲ. ಲೇಸರ್ ಯಂತ್ರ ಇಟ್ಟ ಒಂದು ಅಂಗಡಿ ಸಿಕ್ಕಿತು.

ಅರ್ಧ ತಾಸಿನಲ್ಲಿ ಅಕ್ಷರಗಳು ಮೂಡಿದವು. ಗೆರೆ ಚೊಕ್ಕ, ಆಳ ಸಮ. ಆದರೆ ಪ್ರತಿ ಅಕ್ಷರದ ಸುತ್ತಲೂ ಹಳದಿಗೆ ತಿರುಗಿದ ಕಂದು ಕಲೆ ಹಬ್ಬಿತ್ತು. ದೇವರ ಕೋಣೆಯ ಗೋಡೆಗೆ ದೀಪದ ಹೊಗೆ ಹಿಡಿಯುತ್ತದಲ್ಲ, ಹಾಗೆ. ಮರಳುಕಾಗದ ಹಚ್ಚಿ ತಿಕ್ಕಿದರೆ ಹೋಗುತ್ತದೆ ಎಂದರು. ತಿಕ್ಕಿದೆ. ಕಲೆ ಹೋಯಿತು, ಅದರ ಜೊತೆಗೆ ಇಷ್ಟು ವರ್ಷಗಳಲ್ಲಿ ಮರಕ್ಕೆ ಬಂದಿದ್ದ ಬಣ್ಣವೂ ಹೋಯಿತು. ಅಕ್ಷರದ ಸುತ್ತ ಎಳೆ ಮರದಂಥ ಬಿಳಚು ತೇಪೆ ಉಳಿಯಿತು. ಆ ಬಣ್ಣವನ್ನು ಮರಳಿ ತರುವುದು ಯಾರ ಕೈಯಲ್ಲೂ ಇಲ್ಲ. ಆ ದಿನ ಆದ ಸಂಕಟವೇ ಮುಂದಿನ ಹುಡುಕಾಟಕ್ಕೆ ಕಾರಣ.

ಆ ಕಲೆ ಎಲ್ಲಿಂದ ಬರುತ್ತದೆ? ಲೇಸರ್ ಮರವನ್ನು ಉಳಿಯ ಹಾಗೆ ಕೊರೆಯುವುದಿಲ್ಲ, ಸುಟ್ಟು ಆವಿ ಮಾಡುತ್ತದೆ. ಮರದಲ್ಲಿರುವ ಹೆಮಿಸೆಲ್ಯುಲೋಸ್ 220 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಒಡೆಯಲು ಶುರುವಾಗುತ್ತದೆ. 300 ದಾಟಿದ ಮೇಲೆ ಸೆಲ್ಯುಲೋಸ್‌ನ ಸರದಿ. ನಾರುಗಳನ್ನು ಬೆಸೆದು ಹಿಡಿದಿರುವ ಲಿಗ್ನಿನ್ ನಿಧಾನವಾಗಿ, ಬಹಳ ಹೊತ್ತು ಸುಡುತ್ತದೆ. ಏಳುವ ಹೊಗೆಯಲ್ಲಿ ಡಾಂಬರಿನಂಥ ಅಂಟು ಪದಾರ್ಥ ತುಂಬಿರುತ್ತದೆ. ಒಂದು ಬೆರಳಿನಷ್ಟು ಆಚೆ ತಣ್ಣಗಿರುವ ಮರ ಸಿಕ್ಕಿತೆಂದರೆ ಅಲ್ಲೇ ಇಳಿದು ಕೂರುತ್ತದೆ, ನಾರಿನ ಸಂದಿಗೆ ಇಂಗುತ್ತದೆ. ಹಾಗಾಗಿ ಒರೆಸಿದರೆ ಹೋಗುವುದಿಲ್ಲ. ಕೂರುವುದಕ್ಕೆ ಮೊದಲೇ ತಡೆಯಬೇಕು. ಮರದ ಮೇಲೆ ಏನಾದರೂ ಹೊದಿಸಬೇಕು. ಏನು ಹೊದಿಸಬೇಕು ಎಂಬುದೇ ಪ್ರಶ್ನೆ.

ಉತ್ತರಕ್ಕೆ ಮೊದಲು ಯಂತ್ರದ ಬಗ್ಗೆ ಒಂದು ಮಾತು. ಅದರೊಳಗಿನ ಕಾಣದ ಬೆಂಕಿಯನ್ನು ಕಂಡುಹಿಡಿದವರು ನಮ್ಮ ಸೀಮೆಗೆ ದೂರದವರಲ್ಲ. ಚಂದ್ರ ಕುಮಾರ್ ನಾರಣಭಾಯಿ ಪಟೇಲ್ ಹುಟ್ಟಿದ್ದು 1938ರಲ್ಲಿ, ಬಾರಾಮತಿಯಲ್ಲಿ. ನಮ್ಮ ಉಗಾರ, ರಾಯಬಾಗದ ಹಾಗೆಯೇ ಕಬ್ಬಿನ ನಾಡು ಅದು. ಆ ಊರಿನ ಕರ್ಹಾ ಹೊಳೆ ನೀರಾ ಸೇರಿ, ನೀರಾ ಭೀಮೆ ಸೇರಿ, ಕೊನೆಗೆ ನಮ್ಮ ಕೃಷ್ಣೆಗೇ ಬಂದು ಕೂಡುತ್ತದೆ. ಪಟೇಲರು ಪುಣೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1958ರಲ್ಲಿ ಪದವಿ ಮುಗಿಸಿ ಸ್ಟ್ಯಾನ್‌ಫರ್ಡಿಗೆ ಹೋದರು. 1961ರಲ್ಲಿ ಡಾಕ್ಟರೇಟ್ ಪಡೆದು ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯ ಸೇರಿದರು. ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಜಗತ್ತಿನ ಮೊದಲ ಲೇಸರ್ ಬೆಳಗಿಸಿ ಆಗ ಒಂದೇ ವರ್ಷ ಆಗಿತ್ತು.

1964ರಲ್ಲಿ ಪಟೇಲರು ಇಂಗಾಲದ ಡೈಆಕ್ಸೈಡ್ ಅನಿಲದಿಂದ ಲೇಸರ್ ಪಡೆದರು. ಮೊದಲು ಸಿಕ್ಕಿದ್ದು ಮಿಲಿವ್ಯಾಟ್ ಲೆಕ್ಕದ ಬೆಳಕು, ಕಾಗದವನ್ನೂ ಸುಡದಷ್ಟು ಕಡಿಮೆ. ಆಮೇಲೆ ಅದಕ್ಕೆ ಸಾರಜನಕ ಬೆರೆಸಿದರು. ವಿದ್ಯುತ್ ಹಾಯಿಸಿದಾಗ ಸಾರಜನಕದ ಅಣು ಕಂಪಿಸತೊಡಗುತ್ತದೆ. ಆ ಕಂಪನವನ್ನು ಬಹಳ ಹೊತ್ತು ಹಿಡಿದಿಟ್ಟುಕೊಂಡು, ಇಂಗಾಲದ ಡೈಆಕ್ಸೈಡ್‌ನ ಅಣುವಿಗೆ ಬಡಿದಾಗ ಒಪ್ಪಿಸಿಬಿಡುತ್ತದೆ. ಹೀಲಿಯಂ ಕೂಡ ಸೇರಿದ ಮೇಲೆ, 1965ರ ಹೊತ್ತಿಗೆ ಅದೇ ಬೆಳಕು 100 ವ್ಯಾಟ್ ದಾಟಿತು. ಅದರ ತರಂಗದ ಉದ್ದ 10.6 ಮೈಕ್ರೋಮೀಟರ್. ಕಣ್ಣಿಗೆ ಕಾಣದು. ಆದರೆ ಮರ, ಕಾಗದ, ಚರ್ಮ, ಗಾಜು ಇವೆಲ್ಲ ಅದನ್ನು ಗಟಗಟನೆ ಕುಡಿಯುತ್ತವೆ. ಇಂದು ನಮ್ಮ ಊರುಗಳ ನಾಮಫಲಕದ ಅಂಗಡಿಗಳಲ್ಲಿ ನೀರು ಸುತ್ತುವ ಗಾಜಿನ ಕೊಳವೆಯೊಂದು ಕಂಡರೆ ಅದು ಬಾರಾಮತಿಯ ಹುಡುಗ ಕಂಡುಹಿಡಿದದ್ದು ಎಂದು ನನ್ನ ಮಕ್ಕಳಿಗೆ ಹೇಳುತ್ತೇನೆ. ಪ್ರತಿ ಶಾಲೆಯಲ್ಲೂ ಹೇಳಬೇಕಾದ ಮಾತು ಇದು.

ಮತ್ತೆ ನನ್ನ ಹಲಗೆಗೆ ಬರೋಣ. ಅದರಲ್ಲಿ ಎರಡು ಗೇಣು ಮಿಕ್ಕಿತ್ತು. ಚಿಕ್ಕೋಡಿಯಲ್ಲಿ ಯಂತ್ರ ಇಟ್ಟಿರುವ ಗೆಳೆಯನೊಬ್ಬನ ಜೊತೆ ಕೂತು ಅದನ್ನು ಪಟ್ಟಿ ಪಟ್ಟಿಯಾಗಿ ಭಾಗ ಮಾಡಿದೆ. ಪ್ರತಿ ಭಾಗದಲ್ಲೂ ಒಂದೇ ಪದ: ಅಥಣಿ. ಅದು ನನ್ನ ತಾಯಿಯ ತವರು. ಮೇಲಾಗಿ ಆ ಮೂರು ಅಕ್ಷರಗಳಲ್ಲಿ ಸುರುಳಿ, ಚುಕ್ಕೆ, ಸಂದಿ ಎಲ್ಲ ಇವೆ, ಪರೀಕ್ಷೆಗೆ ಹೇಳಿ ಮಾಡಿಸಿದ ಪದ.

ಮೊದಲು ಸುದ್ದಿಪತ್ರಿಕೆಗೆ ಮೈದಾ ಅಂಟು ಬಳಿದು ಅಂಟಿಸಿದೆವು. ಹೊಗೆಯನ್ನೇನೋ ಅದು ತಡೆಯಿತು. ಆದರೆ ಅಂಟಿನ ನೀರು ಕುಡಿದು ಮರದ ನಾರು ಎದ್ದು ನಿಂತಿತು. ಕಾಗದ ಗುಳ್ಳೆ ಕಟ್ಟಿದ ಕಡೆಯೆಲ್ಲ ಹೊಗೆ ಒಳಗೆ ನುಗ್ಗಿತು. ಕೀಳಲು ಮತ್ತೆ ಒದ್ದೆ ಮಾಡಬೇಕಾಯಿತು, ಆಗ ಅಕ್ಷರದೊಳಗಿನ ಮಸಿ ಕರಗಿ ಹೊರಗೆ ಹರಿಯಿತು. ಪಾರದರ್ಶಕ ಟೇಪಿನ ಗತಿ ಇನ್ನೂ ಕೆಟ್ಟದ್ದು. ಅದು ಸುಟ್ಟು ಹೋಗುವ ಬದಲು ಕರಗಿ, ಅಕ್ಷರದ ಅಂಚಿಗೆ ಮೇಣದ ಹನಿಯಂತೆ ಅಂಟಿ ಗಟ್ಟಿಯಾಯಿತು. ಈಗ ಮನೆಗಳಿಗೂ ಬರುತ್ತಿರುವ ನೀಲಿ ಬೆಳಕಿನ ಡಯೋಡ್ ಯಂತ್ರಗಳಲ್ಲಿ ಇದರ ಕತೆಯೇ ಬೇರೆ. ಆ ಬೆಳಕು ಪಾರದರ್ಶಕ ಟೇಪನ್ನು ದಾಟಿ ಹೋಗಿ ಕೆಳಗಿನ ಮರವನ್ನು ಸುಡುತ್ತದೆ, ಹೊರಬರಲಾಗದ ಹೊಗೆ ಟೇಪಿನ ಅಡಿಯಲ್ಲೇ ಹರಡುತ್ತದೆ.

ಆಮೇಲೆ ಬಣ್ಣ ಹಚ್ಚುವವರು ಬಳಸುವ ಸುಕ್ಕುಕಾಗದದ ಮಾಸ್ಕಿಂಗ್ ಟೇಪ್ ತಂದೆವು. ಇದರ ಹಿಂದೆ ಒಳ್ಳೆಯ ಕತೆಯೊಂದಿದೆ. 1920ರ ದಶಕದ ಅಮೆರಿಕದಲ್ಲಿ ಎರಡು ಬಣ್ಣದ ಮೋಟಾರು ಕಾರಿನ ಮೋಜು. ಒಂದು ಬಣ್ಣ ಹಚ್ಚಿ, ಒಣಗಿದ ಮೇಲೆ ಅದನ್ನು ಕಾಗದದಿಂದ ಮುಚ್ಚಿ, ಇನ್ನೊಂದು ಬಣ್ಣ ಸಿಂಪಡಿಸಬೇಕು. ಕಾಗದ ಹಿಡಿಸಲು ಬಳಸುತ್ತಿದ್ದ ಅಂಟು ಎಷ್ಟು ಬಿಗಿ ಎಂದರೆ, ಕೀಳುವಾಗ ಕೆಳಗಿನ ಬಣ್ಣವೂ ಕಿತ್ತು ಬರುತ್ತಿತ್ತು. ಸೇಂಟ್ ಪಾಲ್ ನಗರದ ರಿಚರ್ಡ್ ಡ್ರೂ ಎಂಬ ತರುಣ ಇದನ್ನು ಕಣ್ಣಾರೆ ಕಂಡ. ಅವನು 1921ರಲ್ಲಿ ತ್ರೀಎಂ ಕಂಪನಿ ಸೇರಿದ್ದವನು. ಆ ಕಂಪನಿ ಆಗ ಮಾಡುತ್ತಿದ್ದುದು ಮರಳುಕಾಗದ, ಅದರ ಮಾದರಿ ತೋರಿಸಲೆಂದು ಗ್ಯಾರೇಜುಗಳಿಗೆ ಅಲೆಯುವುದು ಅವನ ಕೆಲಸ. ಬಣ್ಣ ಕೀಳದ ಪಟ್ಟಿಯನ್ನು ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟು ಬಂದ.

ಎಣ್ಣೆ, ರಾಳ, ಗೋಂದು ಎಂದು ಎಷ್ಟೋ ಬೆರಕೆಗಳು ಸೋತವು. ಇದನ್ನು ಬಿಟ್ಟು ಮರಳುಕಾಗದದ ಕೆಲಸ ನೋಡು ಎಂದು ಮೇಲಿನವರು ಹೇಳಿದರೂ ಅವನ ಮನಸ್ಸು ಅಲ್ಲೇ ಇತ್ತು. ಕೊನೆಗೆ 1925ರಲ್ಲಿ ಸಿಕ್ಕ ಉತ್ತರ ನೋಡಿ: ಬಡಗಿಗಳು ಕಾಯಿಸಿ ಬಳಸುವ ಸರೇಸು, ಅದು ಒಣಗಿ ಕಲ್ಲಾಗದಂತೆ ಗ್ಲಿಸರಿನ್, ತಿರುವಿಗೆ ಬಗ್ಗುವಂತೆ ಸುಕ್ಕಿನ ಕಾಗದ. ಮರವನ್ನು ಮರಕ್ಕೆ ಶಾಶ್ವತವಾಗಿ ಬೆಸೆಯಲು ಇರುವ ಸರೇಸನ್ನೇ ಬೇಕೆಂದಾಗ ಬಿಡುವಂತೆ ಪಳಗಿಸಿದ್ದು ಡ್ರೂನ ಸಾಧನೆ. ಗಟ್ಟಿಯಾಗಿ ಹಿಡಿಯುವ ಅಂಟುಗಳು ಜಗತ್ತಿನಲ್ಲಿ ಮೊದಲೇ ಬೇಕಾದಷ್ಟಿದ್ದವು. ಹಿಡಿದು, ಕೆಲಸ ಮುಗಿದ ಮೇಲೆ ಗುರುತು ಉಳಿಸದೆ ಬಿಟ್ಟುಬಿಡುವ ಅಂಟು ಇರಲಿಲ್ಲ.

ನಮ್ಮ ಹಲಗೆಯ ಮೇಲೂ ಅದು ಚೆನ್ನಾಗಿಯೇ ಕೆಲಸ ಮಾಡಿತು. ಕಲೆ ಇಲ್ಲ. ಆದರೆ ಪದದ ನಡುವೆ, ‘ಥ’ ಅಕ್ಷರವನ್ನು ಸೀಳಿದ ಹಾಗೆ, ಒಂದು ಅಡ್ಡ ಗೆರೆ ಬಂತು. ಯಂತ್ರದ ತಪ್ಪೆಂದು ಮೊದಲು ತಿಳಿದೆವು. ಆಮೇಲೆ ಹೊಳೆಯಿತು. ಟೇಪ್ ಅಗಲ ಸಾಲದೆ ಎರಡು ಪಟ್ಟಿ ಅಂಟಿಸಿದ್ದೆವು, ಒಂದರ ಅಂಚು ಇನ್ನೊಂದರ ಮೇಲೆ ಏರಿತ್ತು. ಅಲ್ಲಿ ಕಾಗದ ಎರಡು ಪದರ. ಎರಡನ್ನೂ ಸುಡುವಷ್ಟರಲ್ಲಿ ಕಿರಣದ ಕಸುವು ತಗ್ಗಿ, ಮರ ಅಷ್ಟೇ ಆಳಕ್ಕೆ ಇಳಿಯಲಿಲ್ಲ. ಏರಿಸದೆ ಅಂಚಿಗೆ ಅಂಚು ಕೂಡಿಸಿ ನೋಡಿದೆವು. ಕೂದಲೆಳೆಯ ಸಂದಿಯಲ್ಲೇ ಹೊಗೆ ಇಳಿದು ಕಪ್ಪು ಗೆರೆ ಎಳೆಯಿತು. ಸುಕ್ಕಿನ ಸಣ್ಣ ಸಣ್ಣ ಕಾಲುವೆಗಳಲ್ಲೂ ಅಲ್ಲಲ್ಲಿ ಹೊಗೆ ನುಸುಳಿತ್ತು. ಕಾರಿನ ತಿರುವಿಗೆ ವರವಾದ ಸುಕ್ಕು ಚಪ್ಪಟೆ ಹಲಗೆಗೆ ಬೇಡವಾಗಿತ್ತು.

ಬೇಕಾದದ್ದು ಅಗಲವಾದ, ನಯವಾದ, ಸುಕ್ಕಿಲ್ಲದ ಒಂದೇ ಹಾಳೆ. ಅಂಥದ್ದು ಎಲ್ಲಿ ಸಿಗುತ್ತದೆ ಎಂದು ಯೋಚಿಸುತ್ತಲೇ ಒಂದು ದಿನ ನಿಪ್ಪಾಣಿಗೆ ಹೋಗಿದ್ದೆ. ಪುಣೆ–ಬೆಂಗಳೂರು ಹೆದ್ದಾರಿಯ ಊರು ಅದು. ಲಾರಿಗಳಿಗೆ, ಕಬ್ಬು ಎಳೆಯುವ ಟ್ರ್ಯಾಕ್ಟರುಗಳಿಗೆ ಹೆಸರು ಬರೆಯುವ ರೇಡಿಯಂ ಅಂಗಡಿಗಳನ್ನು ನೀವು ನೋಡಿಯೇ ಇರುತ್ತೀರಿ. ಅಲ್ಲಿ ಹುಡುಗನೊಬ್ಬ ಕತ್ತರಿಸಿದ ಸ್ಟಿಕ್ಕರಿನ ಅಕ್ಷರಗಳ ಮೇಲೆ ಬಿಳಿಯ ಅಗಲ ಕಾಗದ ಒತ್ತಿ, ಇಡೀ ಪದವನ್ನು ಸಾಲು ತಪ್ಪದೆ ಎತ್ತಿ, ಟ್ರೇಲರಿನ ಹಿಂಬದಿಗೆ ಅಂಟಿಸಿ, ಕಾಗದವನ್ನು ಸರ್ರನೆ ಎಳೆದುಕೊಂಡ. ಅಕ್ಷರ ಟ್ರೇಲರಿನ ಮೇಲೆ ಉಳಿಯಿತು, ಕಾಗದ ಕೈಗೆ ಬಂತು. ನಾನು ನಿಂತಲ್ಲೇ ನಿಂತೆ. ಟ್ರಾನ್ಸ್‌ಫರ್ ಪೇಪರ್ ಎನ್ನುತ್ತಾರೆ ಅದಕ್ಕೆ. ಹಿಡಿದು ಬಿಡುವ ಅದೇ ಗುಣ, ಮೇಲೆ ಬೇಕಾದಷ್ಟು ಅಗಲ. ಜಗತ್ತಿನ ಎಷ್ಟೋ ಕಡೆ ಲೇಸರ್ ಕೆಲಸದವರು ಫಲಕ ಬರೆಯುವವರಿಂದ ಈ ಕಾಗದವನ್ನೇ ಎರವಲು ಪಡೆದಿದ್ದಾರೆ ಎಂಬುದು ನನಗೆ ಆಮೇಲೆ ತಿಳಿಯಿತು.

ಅದರಲ್ಲೂ ಬಿಗಿ ಹಿಡಿತದ್ದು, ನಡು ಹಿಡಿತದ್ದು, ಸಡಿಲ ಹಿಡಿತದ್ದು ಎಂದು ಬೇರೆ ಬೇರೆ. ಬಿಗಿಯದು ಪ್ಲೈವುಡ್ಡಿನ ಮೇಲ್ಪದರದ ನಾರನ್ನು ಸುಲಿದುಕೊಂಡು ಬರುತ್ತದೆ. ಸಡಿಲದ್ದು ಯಂತ್ರದ ಗಾಳಿ ಬಡಿದರೆ ಅಂಚಿನಲ್ಲಿ ಏಳುತ್ತದೆ. ನಮಗೆ ಒದಗಿದ್ದು ನಡುವಿನದು. ಸಾಗವಾನಿಯಲ್ಲಿ ಸಹಜವಾಗಿಯೇ ಎಣ್ಣೆಯ ಪಸೆ ಇರುವುದರಿಂದ ಮೊದಲು ಸ್ಪಿರಿಟ್ಟಿನಲ್ಲಿ ಒರೆಸಿ, ಪೂರ್ತಿ ಆರಿಸಿ, ಆಮೇಲೆ ಕಾಗದ ಹಾಕಿ ಅಂಗೈಯಿಂದ ಒತ್ತಿದೆವು. ಒಂದು ಪದರ ಕಾಗದ ಸುಡಬೇಕಾದ್ದರಿಂದ ಕಸುವನ್ನು ಸ್ವಲ್ಪ ಏರಿಸಿದೆವು. ಅಕ್ಷರ ಕೆತ್ತುವಾಗ ಗಾಳಿಯ ರಭಸ ತಗ್ಗಿಸಿದೆವು, ಜೋರು ಗಾಳಿ ಹೊಗೆಯನ್ನು ಮರದ ಮೇಲೆಯೇ ತಳ್ಳುತ್ತದೆ. ನೀಲಿ ಡಯೋಡಿನ ಯಂತ್ರ ಇರುವವರು ಇನ್ನೊಂದು ಗಮನಿಸಬೇಕು: ಬಿಳಿ ಕಾಗದ ಆ ಬೆಳಕಿನ ಒಂದಷ್ಟು ಪಾಲನ್ನು ಮರಳಿಸಿಬಿಡುತ್ತದೆ, ಅಲ್ಲಿ ಕಡು ಬಣ್ಣದ ಕಾಗದ ಮೇಲು.

ಕಾಗದ ಎಳೆದಾಗ ಹಲಗೆ ಹಾಗೆಯೇ ಇತ್ತು. ಜೇನಿನ ಬಣ್ಣ, ಅದರಲ್ಲಿ ಕಡುಕಂದು ಅಕ್ಷರ, ನಡುವೆ ಏನೂ ಇಲ್ಲ.

ಏನೂ ಇಲ್ಲ ಎಂದರೆ ಪೂರ್ತಿ ನಿಜವಲ್ಲ. ಕನ್ನಡದ ಲಿಪಿ ದುಂಡು. ರ, ಠ, ಥ, ಧ, ಕೆಲವು ಒತ್ತಕ್ಷರ, ಎಲ್ಲದರಲ್ಲೂ ಮುಚ್ಚಿದ ಸುರುಳಿ. ಸುತ್ತಲಿನ ಗೆರೆ ಸುಟ್ಟ ಮೇಲೆ ಪ್ರತಿ ಸುರುಳಿಯ ಹೊಟ್ಟೆಯಲ್ಲೂ ಅಕ್ಕಿಕಾಳಿನಷ್ಟು ಕಾಗದ ದ್ವೀಪದಂತೆ ಉಳಿಯುತ್ತದೆ. ರೋಮನ್ ಅಕ್ಷರದ ಒಂದು ಸಾಲಿನಲ್ಲಿ ಅಂಥವು ಕೆಲವೇ. ನಮ್ಮ ಸಾಲಿನಲ್ಲಿ ಎಣಿಸುತ್ತ ಕೂರಬೇಕು. ಸೂಜಿಯಿಂದ ಒಂದೊಂದೇ ಎತ್ತುತ್ತ ಕೂತರೆ ಸಂಜೆಯಾಗುತ್ತದೆ, ಕೈ ತಪ್ಪಿದರೆ ಮರಕ್ಕೆ ಗೀರು. ಗೆಳೆಯ ಕಂಡುಕೊಂಡ ದಾರಿ ಸುಲಭದ್ದು: ಪಾರ್ಸೆಲ್ ಕಟ್ಟುವ ಅಗಲ ಟೇಪನ್ನು ಅಕ್ಷರಗಳ ಮೇಲೆ ಒತ್ತಿ, ಮರದ ನಾರು ಓಡುವ ದಿಕ್ಕಿನಲ್ಲೇ, ತೀರಾ ಓರೆಯಾಗಿ, ನಿಧಾನವಾಗಿ ಎಳೆಯುವುದು. ದ್ವೀಪಗಳೆಲ್ಲ ಅದರ ಬೆನ್ನಿಗಂಟಿ ಬರುತ್ತವೆ. ನಾರಿಗೆ ಅಡ್ಡ ಎಳೆದರೆ ಸಿಬಿರು ಏಳುತ್ತದೆ.

ತೀರಾ ಸಣ್ಣ ಅಕ್ಷರಗಳ ಸಾಲುಗಳಿಗೆ, ಉದಾಹರಣೆಗೆ ದಾನಿಗಳ ಹೆಸರಿನ ಪಟ್ಟಿಗೆ, ಕಾಗದವೇ ಬೇಡ ಎಂಬುದು ನನ್ನ ತೀರ್ಮಾನ. ಅಲ್ಲಿ ನಮ್ಮ ಬಡಗಿಗಳ ಅರಗಿನ ಪಾಲಿಶ್ ಸಾಕು. ಸ್ಪಿರಿಟ್ಟಿನಲ್ಲಿ ಕರಗಿದ ಅರಗನ್ನು ಎರಡು ಕೈ ಬಳಿದು ಚೆನ್ನಾಗಿ ಒಣಗಿಸಬೇಕು, ಹಸಿ ಇದ್ದರೆ ಬೆಂಕಿ ಹಿಡಿಯುತ್ತದೆ. ಕೆತ್ತಿದ ಮೇಲೆ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಹಗುರ ಒರೆಸಿದರೆ ಹೊಗೆಯ ಅಂಟು ಅರಗಿನ ಮೇಲ್ಪದರದ ಜೊತೆಗೇ ಹೋಗುತ್ತದೆ.

ರೇಡಿಯಂ ಅಂಗಡಿಯ ಬಗ್ಗೆ ಒಂದು ಮಾತು ಉಳಿದಿದೆ, ಅದನ್ನು ಹೇಳದೆ ಮುಗಿಸಲಾರೆ. ಅಲ್ಲಿ ಎರಡು ಸುರುಳಿ ಪಕ್ಕಪಕ್ಕದಲ್ಲೇ ನಿಂತಿರುತ್ತವೆ. ಒಂದು ಟ್ರಾನ್ಸ್‌ಫರ್ ಕಾಗದ. ಇನ್ನೊಂದು ಸ್ಟಿಕ್ಕರಿನ ವಿನೈಲ್, ಅಂದರೆ ಪಿವಿಸಿ. ಬಿಳಿಯದಾದರೆ ದೂರದಿಂದ ಎರಡೂ ಒಂದೇ. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ನೂರಕ್ಕೆ ಸುಮಾರು 57 ಪಾಲು, ಕ್ಲೋರಿನ್. ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ತೇವ ಸೋಕಿದ ಕ್ಷಣ ಅದು ಹೈಡ್ರೋಕ್ಲೋರಿಕ್ ಆಮ್ಲ. ಯಂತ್ರದ ಕಂಬಿ ತುಕ್ಕು ಹಿಡಿಯುತ್ತದೆ, ಮಸೂರ ಹಾಳಾಗುತ್ತದೆ. ಯಂತ್ರ ಹೋದರೆ ಇನ್ನೊಂದು ತರಬಹುದು. ಆ ಅನಿಲ ಮುಟ್ಟುವುದು ಕಿಟಕಿಯಿಲ್ಲದ ಮಳಿಗೆಯಲ್ಲಿ ದಿನವಿಡೀ ಅದರ ಮುಂದೆ ನಿಲ್ಲುವ ಹುಡುಗನ ಎದೆಯನ್ನು. ವೈರಿಗೆ ಸುತ್ತುವ ಕರಿ ಟೇಪೂ ಸಾಮಾನ್ಯವಾಗಿ ಇದೇ ಜಾತಿ.

ಅನುಮಾನ ಬಂದರೆ ಬಯಲಿಗೆ ಬಂದು ಪರೀಕ್ಷಿಸಿ. ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ, ಅನುಮಾನದ ಹಾಳೆಯ ಚೂರಿಗೆ ಮುಟ್ಟಿಸಿ, ಮತ್ತೆ ಗ್ಯಾಸಿನ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ. ಅದು ಯಂತ್ರದೊಳಗೆ ಹೋಗಕೂಡದು.