ಕಂಪ್ಯೂಟರುಗಳಿಗೂ ಒಂದೇ ಅಕ್ಷರ

ನಾವು ಬರೆದ ಕಾಗದವನ್ನು ಬೇರೆ ಊರಿನಲ್ಲಿರುವ ಮಗಳು ಓದುತ್ತಾಳೆ. ಯಾಕೆ? ಇಬ್ಬರಿಗೂ ಒಂದೇ ಅಕ್ಷರ ಗೊತ್ತು. ಕಂಪ್ಯೂಟರುಗಳಿಗೂ ಹೀಗೊಂದು ಅಕ್ಷರ ಬೇಕಾಯಿತು. ಆ ಸಂಗತಿ ತಿಳಿಯೋಣ ಬನ್ನಿ.

ಅಮೆರಿಕದ ಬೋಯಿಂಗ್ ಕಂಪನಿ ವಿಮಾನ ಮಾಡುತ್ತದೆ. ವಿಮಾನದ ಎಲ್ಲ ಭಾಗವೂ ಒಂದೇ ಕಡೆ ತಯಾರಾಗೋದಿಲ್ಲ. ಬೇರೆ ಬೇರೆ ಕಾರ್ಖಾನೆಗಳು ಮಾಡಿಕೊಡುತ್ತವೆ. ಅವರಿಗೆಲ್ಲ ನಕ್ಷೆ ಬೇಕು. 1970ರ ದಶಕದಲ್ಲಿ ನಕ್ಷೆಗಳು ಕಂಪ್ಯೂಟರಿಗೆ ಬಂದವು. ಆದರೆ ಒಂದು ಕಂಪನಿಯ ಕಂಪ್ಯೂಟರು ಬರೆದದ್ದು ಇನ್ನೊಂದಕ್ಕೆ ಓದಲು ಬರುತ್ತಿರಲಿಲ್ಲ. ಮತ್ತೆ ಮೊದಲಿನಿಂದ ಬರೆಯಬೇಕು. ಆಗ ಒಂದು ಅಳತೆ ತಪ್ಪಿದರೂ ತೂತಿಗೆ ಮೊಳೆ ಕೂರೋದಿಲ್ಲ. ಕೆಲಸವೆಲ್ಲ ದಂಡ.

ಬೋಯಿಂಗ್‌ನಲ್ಲಿ ವಾಲ್ಟರ್ ಬ್ರೈತ್‌ವೇಟ್ ಎಂಬುವರಿದ್ದರು. ಹುಟ್ಟಿದ್ದು ಜಮೈಕಾ ದೇಶದಲ್ಲಿ. 1966ರಲ್ಲಿ ಕೆಲಸಕ್ಕೆ ಸೇರಿದರು. ಆಮೇಲೂ ಓದಿ ಕಂಪ್ಯೂಟರ್ ವಿಜ್ಞಾನದಲ್ಲಿ ಪದವಿ ಪಡೆದರು. ಅವರೂ ಬೇರೆ ಸಂಸ್ಥೆಗಳ ತಜ್ಞರೂ ಕೂಡಿ 1980ರಲ್ಲಿ ಎಲ್ಲರಿಗೂ ಒಂದೇ ಪದ್ಧತಿ ಬರೆದರು. ಅದರ ಹೆಸರು ಐಜಿಇಎಸ್. ಅದರಲ್ಲಿ ನೇರ ಗೆರೆಗೆ 110 ಎಂಬ ಸಂಖ್ಯೆ. ದುಂಡು ಗೆರೆಗೆ 100. ಯಾವ ಕಂಪನಿಯೂ ತನ್ನ ಪದ್ಧತಿ ಬಿಡಬೇಕಿಲ್ಲ. ಜೊತೆಗೆ ಇದೊಂದನ್ನು ಕಲಿತರೆ ಸಾಕು.

ಬ್ರೈತ್‌ವೇಟ್ ಮುಂದೆ ಬೋಯಿಂಗ್‌ನ ಉಪಾಧ್ಯಕ್ಷರಾದರು. 1994ರಲ್ಲಿ 'ಸ್ಟೆಪ್' ಎಂಬ ಇನ್ನೂ ದೊಡ್ಡ ಪದ್ಧತಿ ಬಂತು. ಅದು ಎಲ್ಲ ದೇಶಗಳಿಗೂ ಸೇರಿದ್ದು.

ನೋಡಿ, ಪೈಪೋಟಿಯ ಕಂಪನಿಗಳೂ ಒಟ್ಟಿಗೆ ಕೂತವು. ಅದಕ್ಕೇ ಈ ಕೆಲಸ ಆಯಿತು.