ಕಾರ್ಡ್ ಇದೆ, ಫಿಸಿಯೋಥೆರಪಿ ಎಲ್ಲಿ?

ಅಮ್ಮನ ಮಂಡಿ ಆಪರೇಷನ್ ಆಯ್ತು. ಇನ್ನು ವಾರಗಟ್ಟಲೆ ಫಿಸಿಯೋಥೆರಪಿ. ಆಯುಷ್ಮಾನ್ ಕಾರ್ಡ್ ಹಿಡ್ಕೊಂಡು ಪಕ್ಕದ ರಸ್ತೆ ಕ್ಲಿನಿಕ್‌ಗೆ ಹೋದ್ರೆ? ನಡೆಯಲ್ಲ.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತೆ, ನಿಜ. ಆದ್ರೆ ಅದು ಮುಖ್ಯವಾಗಿ ಅಡ್ಮಿಟ್ ಆದವರ ಚಿಕಿತ್ಸೆಗೆ. ದಿನಾ ಹೋಗಿಬರೋ ಫಿಸಿಯೋಥೆರಪಿಗಲ್ಲ. ಅದಕ್ಕೇ ಡಿಸ್ಚಾರ್ಜ್‌ಗೆ ಮೊದಲೇ ಆಸ್ಪತ್ರೆಯಲ್ಲಿ ಈ ಕಾರ್ಡ್‌ನವರಿಗೆ ನೆರವಾಗೋ ಆರೋಗ್ಯಮಿತ್ರರನ್ನ ಹಿಡೀರಿ. "ಪ್ಯಾಕೇಜ್‌ನಲ್ಲಿ ಫಿಸಿಯೋಥೆರಪಿ ಸೇರಿದೆಯಾ? ಎಷ್ಟು ದಿನ?" ಕೇಳೋಕೆ ಸಂಕೋಚ ಯಾಕೆ, ಅವರಿರೋದೇ ಅದಕ್ಕೆ.

ಮನೇಲಿ ಯಾರಿಗಾದ್ರೂ ಇಎಸ್‌ಐ ಇದ್ಯಾ? ಹಾಗಿದ್ರೆ ದಾರಿ ಸಲೀಸು. ಅವರನ್ನೇ ನೆಚ್ಚಿಕೊಂಡಿರೋ ತಂದೆತಾಯಿಗೂ ಅನ್ವಯಿಸಬಹುದು. ಡಿಸ್ಪೆನ್ಸರಿ ಡಾಕ್ಟರ್ ಹತ್ರ ರೆಫರಲ್ ಬರೆಸ್ಕೊಂಡು ಇಎಸ್‌ಐ ಆಸ್ಪತ್ರೆಗೆ ಹೋಗಿ.

ಎರಡೂ ಇಲ್ವಾ? ಜಿಲ್ಲಾಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗ ವಿಚಾರಿಸಿ. ಬೆಳಿಗ್ಗೆ ಬೇಗ ಹೊರಡಿ. ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ ಜೊತೆಗಿರಲಿ.